ಟೊಂಕದ ಅಕ್ಕನ ಬಾಕಿ

ನಮ್ಮ ಅಬ್ಬಾ ಸಂತೆಯಲ್ಲಿ ಒಣಮೀನು ಮಾರುತ್ತಿದ್ದರು. ಇಷ್ಟನ್ನು ಬರೆಯಲು ನಮಗೆ ಮೂವತ್ತು ವರ್ಷ ಬೇಕಾಯಿತು. ನಮ್ಮ ಕಥೆಗಳಲ್ಲಿ ಬೀಡಿ ಕಟ್ಟುವವರು, ಗುಜರಿ ಆಯುವವರು, ಲಾಳ ಕಟ್ಟುವವರು, ಬಳೆ ಮಾರುವವರು ಎಲ್ಲರೂ ಬಂದುಹೋಗಿದ್ದಾರೆ. ಒಣಮೀನಿನವರು ಮಾತ್ರ ಬಂದಿಲ್ಲ. ಚಿನಕುರಳಿಯಲ್ಲಿ ನಾವು ಉರ್ದು ಶಾಲೆ ಬಿಟ್ಟು ಕನ್ನಡ ಶಾಲೆಗೆ ಸೇರಿದ ವರ್ಷ ಪಕ್ಕದಲ್ಲಿ ಕೂತ ಹುಡುಗರು ಮೂಗು ಮುಚ್ಚಿಕೊಂಡಿದ್ದರು. ಅವರ ಮನೆಗಳಲ್ಲೂ ಅದೇ ಸೀಗಡಿಯ ಸಾರಿಗೆ ಮುದ್ದೆ ಮುರಿಯುತ್ತಿದ್ದರು, ಆ ಸೀಗಡಿ ಹೋಗುತ್ತಿದ್ದುದು ಅಬ್ಬಾನ ಗೋಣಿಯಿಂದಲೇ. ಆದರೂ ವಾಸನೆ ಮಾತ್ರ ನಮ್ಮದಾಗಿತ್ತು. ಅಂದಿನಿಂದ ಸಂತೆಯ ದಿನ ಅಬ್ಬಾನ ಅಂಗಡಿ ಇರುವ ಸಾಲಿನ ಕಡೆಗೇ ನಾವು ಹೋಗುತ್ತಿರಲಿಲ್ಲ.

‘ನಾವು’ ಎಂದರೆ ಇಲ್ಲಿ ಈ ಬರೆಯುವ ಕೈಯೂ ಹೌದು, ತಂಗಿಯೂ ಹೌದು, ಅಮ್ಮಿಯೂ ಹೌದು. ಸಾಲ ಮನೆಯದು. ಅದನ್ನು ‘ನಾನು’ ಎಂದು ಹೇಳಿಕೊಳ್ಳಲು ಬರುವುದಿಲ್ಲ.

ಅಬ್ಬಾ ತೀರಿಕೊಂಡದ್ದು 1992ರ ಜುಲೈಯಲ್ಲಿ. ಹೋಗುವಾಗ ಅವರು ಬಿಟ್ಟುಹೋದದ್ದು ಒಂದು ತಕ್ಕಡಿ, ಕಲ್ಲುಗಳು, ಅರ್ಧ ಮೂಟೆ ಸೀಗಡಿ ಮತ್ತು ಕೆಂಪು ಬಟ್ಟೆಯ ರಟ್ಟಿನ ಒಂದು ಲೆಕ್ಕದ ಪುಸ್ತಕ. ಅವರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಲೆಕ್ಕವೆಲ್ಲ ಉರ್ದುವಿನಲ್ಲಿ. ಕೊಡಬೇಕಾದವರ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ಅಮ್ಮಿ ಬಟ್ಟೆ ಹೊಲಿದು, ಕೋಳಿ ಸಾಕಿ, ಒಂದೊಂದಾಗಿ ಹತ್ತನ್ನು ತೀರಿಸಿದರು. ಒಂದೊಂದು ತೀರಿದಾಗಲೂ ನಮ್ಮ ಕೈಗೆ ಪೆನ್ಸಿಲ್ ಕೊಟ್ಟು ಗೀಟು ಎಳೆಸುತ್ತಿದ್ದರು. ಉಳಿದದ್ದು ಕೊನೆಯ ಸಾಲು: ‘ಟೊಂಕದ ಅಕ್ಕ, ಎರಡು ಮೂಟೆ ಬಂಗುಡೆ, ಒಂದು ಮೂಟೆ ಸೀಗಡಿ, ಬಾಕಿ 1,840.’ ಹೆಸರಿಲ್ಲ, ಊರಿನ ವಿಳಾಸವಿಲ್ಲ. ‘ಅಕ್ಕ’ ಎಂಬ ಕನ್ನಡದ ಮಾತನ್ನು ಅಬ್ಬಾ ಉರ್ದು ಅಕ್ಷರಗಳಲ್ಲಿ ಬರೆದಿದ್ದರು.

ಟೊಂಕ ಎಲ್ಲಿದೆ ಎಂದು ನಮಗೆ ತಿಳಿದಿರಲಿಲ್ಲ. ಕನ್ನಡದಲ್ಲಿ ಟೊಂಕವೆಂದರೆ ಸೊಂಟ. ಉರ್ದು ಓದಿದವರಿಗೆ ಗೊತ್ತಿದ್ದ ಟೋಂಕ್ ರಾಜಸ್ಥಾನದ್ದು, ನವಾಬರ ಊರು, ಅಲ್ಲಿ ಸಮುದ್ರವೇ ಇಲ್ಲ. ಅಬ್ಬಾ ಮಳೆಗಾಲಕ್ಕೆ ಮುಂಚೆ ಬಸ್ಸು ಹತ್ತಿ ‘ಘಟ್ಟದ ಕೆಳಗೆ’ ಹೋಗಿ ಬರುತ್ತಿದ್ದರು ಎಂಬುದಷ್ಟೇ ನೆನಪು. ಹೋಗುವಾಗ ಪಾಂಡವಪುರದ ಕಡೆಯ ಆಲೆಮನೆಗಳಿಂದ ಅಚ್ಚುಬೆಲ್ಲ ತೆಗೆದುಕೊಂಡು ಹೋಗುತ್ತಿದ್ದರು, ಬರುವಾಗ ಮೂಟೆಗಳನ್ನು ಲಾರಿಗೆ ಹಾಕಿಸಿ ಬರುತ್ತಿದ್ದರು. ನಿಜ ಹೇಳಬೇಕೆಂದರೆ, ನಾವು ಹುಡುಕಲೂ ಇಲ್ಲ. ಓದು, ಕೆಲಸ, ಮದುವೆ, ಕಥಾಸಂಕಲನ ಎಂದು ವರ್ಷಗಳು ಕಳೆದವು. ಅಮ್ಮಿ ವರ್ಷಕ್ಕೊಮ್ಮೆ, ಅಬ್ಬಾ ಹೋದ ದಿನ, ಆ ಪುಸ್ತಕ ತೆಗೆದು ‘ಕರ್ಜಾ ಹೈ ಬೇಟಾ’ ಎನ್ನುತ್ತಿದ್ದರು. ಸಾಲ ಹೊತ್ತು ಮಲಗಿದವರಿಗೆ ನೆಮ್ಮದಿಯಿಲ್ಲ ಎಂಬುದು ಅವರ ನಂಬಿಕೆ. ನಾವು ‘ನೋಡೋಣ ಅಮ್ಮಿ’ ಎನ್ನುತ್ತಿದ್ದೆವು.

2024ರ ಆರಂಭದಲ್ಲಿ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬಂತು. ಹೊನ್ನಾವರ ತಾಲ್ಲೂಕಿನ ಕಾಸರಕೋಡು ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿಗೆ ರಸ್ತೆ ಮಾಡುವುದನ್ನು ಮೀನುಗಾರರು ತಡೆದರು, ಪೊಲೀಸರು ಅವರನ್ನು ಬಂಧಿಸಿದರು ಎಂಬ ಸುದ್ದಿ. ಅದರಲ್ಲೇ, ಆ ಮರಳ ಮೇಲೆ ತಲೆಮಾರುಗಳಿಂದ ಹೆಂಗಸರು ಮೀನು ಒಣಗಿಸುತ್ತಾರೆ ಎಂದೂ ಇತ್ತು. ನಾವು ಅದನ್ನು ಎರಡು ಸಲ ಓದಿದೆವು. ಆಮೇಲೆ ಅಮ್ಮಿಗೆ ಓದಿ ಹೇಳಿದೆವು. ಅವರು ಎದ್ದು ಹೋಗಿ ಪುಸ್ತಕ ತಂದರು.

ಹೊರಡಬೇಕೆನ್ನುವಾಗ ಮಳೆ ಹಿಡಿಯಿತು. ಆ ವರ್ಷದ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಚಹಾಕ್ಕೆ ನಿಂತವರು, ಎಲ್ಲ ಮಣ್ಣಿನಡಿ, ಗಂಗಾವಳಿ ನದಿಯೊಳಗೆ ಹೋದವು. ಕೇರಳದ ಲಾರಿಯೊಂದು ಅದರ ಚಾಲಕನ ದೇಹದೊಂದಿಗೆ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಆ ನಡುವೆ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ‘ಆ ದಾರಿಯಲ್ಲಿ ಹೋಗುವುದೇ?’ ಎಂದು ನೆಂಟರು ಹೆದರಿಸಿದರು. ‘ನಿಮ್ಮಬ್ಬಾ ಹೋಗುತ್ತಿದ್ದ ದಾರಿ ತಾನೇ’ ಎಂದರು ಅಮ್ಮಿ. ಡಿಸೆಂಬರಿನಲ್ಲಿ ಹೊರಟೆವು.

ಚಿನಕುರಳಿಯವರಿಗೆ ನೀರೆಂದರೆ ಕೆರೆ, ನಾಲೆ, ಕನ್ನಂಬಾಡಿ. ಎಪ್ಪತ್ತು ದಾಟಿದ ಅಮ್ಮಿ ಸಮುದ್ರ ನೋಡಿರಲಿಲ್ಲ. ಕೆ.ಆರ್. ಪೇಟೆ, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದೆವು. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಗೆ ಸೇರುವುದನ್ನು ತೋರಿಸಿದಾಗ ‘ಇದೇ ಸಮುದ್ರವಾ?’ ಎಂದು ಕೇಳಿದರು. ಸಾಬೂನಿನ ಡಬ್ಬಿಯಲ್ಲಿ ಬೆಲ್ಲ ಇಟ್ಟುಕೊಂಡಿದ್ದರು, ಇನ್ನೊಂದು ಚೀಲದಲ್ಲಿ ಐದು ಕಿಲೋ ಅಚ್ಚುಬೆಲ್ಲ.

ಮಂಗಳೂರಿನಿಂದ ಉತ್ತರಕ್ಕೆ ತಿರುಗಿದರೆ ಆ ರಸ್ತೆ. ಹಿಂದೆ 17ನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದರು. ಮುಂಬೈ ಬಳಿಯ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಅರಬ್ಬೀ ಸಮುದ್ರದ ಪಕ್ಕದಲ್ಲೇ ಸಾಗುವ ದಾರಿ. ಕರ್ನಾಟಕದ ಪಾಲಿಗೆ ತಲಪಾಡಿಯಿಂದ ಕಾರವಾರದಾಚೆಗೆ ಮಾಜಾಳಿಯವರೆಗೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಉಚ್ಚಿಲ, ಕಾಪು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ: ಒಂದೊಂದೂ ಒಂದು ಬಲೆಯ ಗಂಟಿನಂತೆ ಆ ದಾರಕ್ಕೆ ಬಿದ್ದಿರುವ ಮೀನಿನ ಊರುಗಳು. ಜೂನ್, ಜುಲೈಯ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದು ಮೀನು ಮರಿಯಿಡುವ ಕಾಲ. ಆಗ ಈ ಊರುಗಳ ಮಂದಿ ನಾಡದೋಣಿಯನ್ನು, ಒಣಗಿಸಿಟ್ಟ ಮೀನನ್ನು ನಂಬಿ ಬದುಕುತ್ತಾರೆ. ಅಬ್ಬಾ ಮಳೆಗೆ ಮುಂಚೆ ಬರುತ್ತಿದ್ದುದು ಏಕೆಂದು ಆಗ ನಮಗೆ ಅರ್ಥವಾಯಿತು.

ಊಟಕ್ಕೆಂದು ದಾರಿ ಬದಿಯ ಬ್ಯಾರಿಗಳ ಹೋಟೆಲಿಗೆ ಹೋದೆವು. ಹಲಾಲ್ ಎಂಬ ಬೋರ್ಡು ನೋಡಿ ಅಮ್ಮಿ ನಿರಾಳವಾಗಿ ನಮ್ಮ ಮನೆಯ ಉರ್ದುವಿನಲ್ಲಿ ಹುಡುಗನಿಗೆ ಏನೇನೋ ಹೇಳಿದರು. ಅವನು ತಲೆಬಾಗಿ ಕೇಳಿಸಿಕೊಂಡು, ‘ಅಜ್ಜಿ, ನನಗೆ ಉರ್ದು ಬರೂದಿಲ್ಲ, ಕನ್ನಡದಲ್ಲಿ ಹೇಳಿ’ ಎಂದ. ಅವನು ಅಡುಗೆಮನೆಯ ಕಡೆ ಕೂಗಿ ಹೇಳಿದ ಬ್ಯಾರಿ ಮಾತು ನಮಗೆ ತಿಳಿಯಲಿಲ್ಲ. ಅಮ್ಮಿಗೆ ಇದು ದೊಡ್ಡ ಆಶ್ಚರ್ಯ. ಮುಸಲ್ಮಾನರೆಂದರೆ ಉರ್ದು ಎಂದೇ ಅವರು ತಿಳಿದಿದ್ದರು. ಇಲ್ಲಿ ಬ್ಯಾರಿ ಭಾಷೆ, ಭಟ್ಕಳದಲ್ಲಿ ನವಾಯಿತರ ನವಾಯತಿ, ಹೊನ್ನಾವರ, ಕಾರವಾರದ ಕಡೆ ಮೀನು ಹಿಡಿಯುವ ದಾಲ್ದಿ ಮುಸ್ಲಿಮರದು ಕೊಂಕಣಿ. ಘಟ್ಟದ ಮೇಲಿನ ನಾವೂ ಕೆಳಗಿನ ಅವರೂ ಒಬ್ಬರಿಗೊಬ್ಬರು ಸಿಗುವುದು ಕನ್ನಡದಲ್ಲಿ. ಮುಸ್ಲಿಮರು ಕನ್ನಡದವರಲ್ಲ ಎನ್ನುವವರಿಗೆ ಈ ರಸ್ತೆಯ ಒಂದು ಊಟ ಸಾಕು.

ಉಚ್ಚಿಲ, ಕಾಪುವಿನ ನಡುವೆ ಮೊಗವೀರರ ಊರುಗಳು. ಕಾರಿನ ಚಾಲಕ ಆ ಕಡೆಯವನೇ. ಬೊಬ್ಬರ್ಯನ ಗುಡಿಯೊಂದರ ಮುಂದೆ ಸ್ಟೇರಿಂಗಿನಿಂದ ಕೈ ತೆಗೆದು ಮುಗಿದ. ಕಡಲಿಗಿಳಿಯುವ ಮೊಗವೀರರು ನೆನೆಯುವ ದೈವ ಅದು. ಅವನ ತಂದೆ ಬ್ಯಾರಿ ವ್ಯಾಪಾರಿ ಎಂದು ತುಳುವಿನ ಪಾಡ್ದನಗಳು ಹೇಳುತ್ತವೆ ಎಂದು ಓದಿದ್ದೆವು. ಅದನ್ನು ಹೇಳಿದಾಗ ಚಾಲಕ, ‘ಹೌದಲ್ಲ, ನಮಗೆಲ್ಲ ಗೊತ್ತುಂಟು’ ಎಂದ, ಇದರಲ್ಲಿ ಹೇಳುವಂಥದ್ದೇನಿದೆ ಎನ್ನುವ ಹಾಗೆ. ಗೊತ್ತಿದ್ದೂ ಇದೇ ಊರುಗಳಲ್ಲಿ ಈಚಿನ ವರ್ಷಗಳಲ್ಲಿ ಜಾತ್ರೆಗಳ ಬಳಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಬ್ಯಾನರುಗಳು ಕಟ್ಟಿದ್ದವು. ನಾವು ಅದನ್ನು ಹೇಳಲಿಲ್ಲ, ಅವನೂ ಹೇಳಲಿಲ್ಲ. ಸ್ವಲ್ಪ ದೂರ ಕಾರಿನಲ್ಲಿ ಮಾತಿರಲಿಲ್ಲ. ಮಲ್ಪೆಯ ದಾರಿಯ ಬಳಿ ಅವನೇ ಬಾಯಿಬಿಟ್ಟ. 2018ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಜನರೊಂದಿಗೆ ಕಾಣೆಯಾದದ್ದನ್ನು, ಮುಂದಿನ ವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದನ್ನು ಹೇಳಿದ. ‘ಸಮುದ್ರಕ್ಕೆ ಹೋದವರು ಬರದಿದ್ದರೆ ಯಾರನ್ನು ಕೇಳುವುದು?’ ಎಂದ. ಅಮ್ಮಿ ಹಿಂದಿನ ಸೀಟಿನಿಂದ ಕೈ ಚಾಚಿ ಅವನಿಗೊಂದು ತುಂಡು ಬೆಲ್ಲ ಕೊಟ್ಟರು.

ಅಮ್ಮಿ ಸಮುದ್ರ ಕಂಡದ್ದು ಮರವಂತೆಯಲ್ಲಿ. ತ್ರಾಸಿ ದಾಟಿದೊಡನೆ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಕೊಲ್ಲೂರಿನ ಕಾಡಿನಿಂದ ಹರಿದುಬಂದ ಸೌಪರ್ಣಿಕೆ ಇಲ್ಲಿ ಸಮುದ್ರಕ್ಕೆ ಕೂಗಳತೆಯಲ್ಲಿದ್ದೂ ಸೇರುವುದಿಲ್ಲ. ಬೆನ್ನು ತಿರುಗಿಸಿ ದಕ್ಷಿಣಕ್ಕೆ ಹೋಗಿ, ಚಕ್ರಾ, ವಾರಾಹಿ, ಕುಬ್ಜಾ, ಕೇದಕ ನದಿಗಳ ಜೊತೆಗೂಡಿ ಗಂಗೊಳ್ಳಿಯಲ್ಲಿ ಸೇರುತ್ತದೆ. ಕಡಲ್ಕೊರೆತ ತಡೆಯಲು ದಂಡೆಯುದ್ದಕ್ಕೂ ಬಂಡೆಗಳನ್ನು ಸುರಿದಿದ್ದಾರೆ. ಅಮ್ಮಿ ಒಂದು ಬಂಡೆಯ ಮೇಲೆ ಕೂತು ಬಹಳ ಹೊತ್ತು ನೋಡಿದರು. ಅತ್ತ ನೋಡಿದರು, ಇತ್ತ ನೋಡಿದರು. ‘ಇದನ್ನು ನೋಡಿಬಂದೂ ನಿಮ್ಮಬ್ಬಾ ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲವಲ್ಲ’ ಎಂದರು. ಅಬ್ಬಾ ಹೇಳುತ್ತಿದ್ದರೇನೋ. ಘಟ್ಟದ ಕೆಳಗಿನಿಂದ ಬಂದ ರಾತ್ರಿ ಅವರು ಮಾತಿಗೆ ಕೂತಾಗ, ‘ಮೊದಲು ಸ್ನಾನ ಮಾಡಿ, ವಾಸನೆ’ ಎಂದು ಎದ್ದುಹೋಗುತ್ತಿದ್ದವರು ನಾವು.

ಆರುನೂರ ಎಂಬತ್ತು ವರ್ಷಗಳ ಹಿಂದೆ ಈ ದಾರಿಯಲ್ಲಿ ಇನ್ನೊಬ್ಬರು ಹೋಗಿದ್ದರು. ಮೊರಾಕ್ಕೋದ ತಾಂಜೀರಿನ ಇಬ್ನ್ ಬತೂತಾ. ಆಫ್ರಿಕಾದ ಪಡುವಣದ ಮಾಲಿ ರಾಜ್ಯದವರೆಗೂ ಹೋಗಿಬಂದ ಆ ಪ್ರಯಾಣಿಕ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ಮೂರು ಶಾಲೆಗಳಿದ್ದವೆಂದು ತನ್ನ ಪ್ರವಾಸಕಥನದಲ್ಲಿ ಹೇಳುತ್ತಾನೆ. ಇಲ್ಲಿಂದ ದಕ್ಷಿಣದ ಕರಾವಳಿಯ ಹಾದಿಯುದ್ದಕ್ಕೂ ಮರಗಳ ನೆರಳಿತ್ತು, ಅರ್ಧರ್ಧ ಮೈಲಿಗೆ ಕೂರಲು ಜಗಲಿಯಿರುವ ಮರದ ಮನೆ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು ಇರುತ್ತಿದ್ದನೆಂದೂ ಬರೆಯುತ್ತಾನೆ. ಪಾತ್ರೆಯಲ್ಲಿ ಕೊಡುವುದು ಹಿಂದೂಗಳಿಗೆ, ಮುಸಲ್ಮಾನರಿಗೆ ಬೊಗಸೆಗೆ ಹೊಯ್ಯುವುದು ಎಂಬುದನ್ನೂ ಅವನು ಮರೆಮಾಚಿಲ್ಲ. ಭೇದ ಆಗಲೂ ಇತ್ತು, ನೀರೂ ಇತ್ತು. ಈಗ ರಸ್ತೆ ನಾಲ್ಕು ಪಥಗಳಾಗಿದೆ. ಅಗಲ ಮಾಡುವಾಗ ಸಾಲುಮರಗಳು ಹೋದವು, ಗುಡ್ಡಗಳನ್ನು ನೆಟ್ಟಗೆ ಕಡಿದರು. ಶಿರೂರಿನಲ್ಲಿ ಬಿದ್ದದ್ದು ಅಂಥ ಕಡಿದ ಗುಡ್ಡವೇ. ಆ ಚಹಾದಂಗಡಿ ನಮ್ಮ ಕಾಲದ ನೆರಳಿನ ಮನೆಯಾಗಿತ್ತು.

ಭಟ್ಕಳದಲ್ಲಿ ರಾತ್ರಿ ಉಳಿದು, ಬೆಳಗ್ಗೆ ಮುರುಡೇಶ್ವರದ ಶಿವನನ್ನು ರಸ್ತೆಯಿಂದಲೇ ನೋಡಿ, ಶರಾವತಿಯ ಸೇತುವೆಗೆ ಮುಂಚೆಯೇ ಎಡಕ್ಕೆ ತಿರುಗಿ ಕಾಸರಕೋಡಿಗೆ ಹೋದೆವು. ಅಲ್ಲಿ ಎರಡು ಕಡಲತೀರಗಳಿವೆ ಎನ್ನಬಹುದು. ಒಂದು ನೀಲಿ ಬಾವುಟದ್ದು. 2020ರಲ್ಲಿ ಪಡುಬಿದ್ರಿಯ ಜೊತೆ ಕಾಸರಕೋಡಿಗೂ ಆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಟಿಕೆಟ್ಟು, ಗಾಳಿಮರ, ಹಾಸುಗಲ್ಲು, ಮಕ್ಕಳ ಜೋಕಾಲಿ. ಇನ್ನೊಂದು ಶರಾವತಿ ಸಮುದ್ರ ಸೇರುವ ಕಡೆಯ ಟೊಂಕ. ಅಲ್ಲಿ ಬಾವುಟವಿಲ್ಲ. ಮರಳ ಮೇಲೆ ಹಾಸಿದ ಬಲೆಗಳು, ಅವುಗಳ ಮೇಲೆ ಸಾಲುಸಾಲಾಗಿ ಬೆಳ್ಳಗೆ ಹೊಳೆಯುವ ಮೀನು, ತೆಂಗಿನಗರಿಯ ಚಪ್ಪರಗಳು, ಉಪ್ಪಿನ ತೊಟ್ಟಿಗಳು, ತಲೆಗೆ ಬಟ್ಟೆ ಸುತ್ತಿಕೊಂಡು ಮೀನು ತಿರುವಿಹಾಕುವ ಹೆಂಗಸರು. ಕಾರಿನ ಬಾಗಿಲು ತೆಗೆದಾಗ ಬಂದ ವಾಸನೆ ನಮ್ಮ ಬಾಲ್ಯದ ಮನೆಯದು. ಈ ಸಲ ನಾವು ಮೂಗು ಮುಚ್ಚಲಿಲ್ಲ.

ಹೆಸರಿಲ್ಲದವರನ್ನು ಹುಡುಕುವುದು ಹೇಗೆ? ‘ಮೂವತ್ತೆರಡು ವರ್ಷದ ಹಿಂದೆ ಇಲ್ಲಿ ಘಟ್ಟದವರಿಗೆ ಮೀನು ಕೊಡುತ್ತಿದ್ದ ಅಕ್ಕ’ ಎಂದು ಕೇಳಿದರೆ, ‘ಇಲ್ಲಿ ಎಲ್ಲರೂ ಕೊಡ್ತಿದ್ರು, ಎಲ್ಲರೂ ಅಕ್ಕಂದಿರೇ’ ಎಂದು ನಕ್ಕರು. ಕೆಲವರು ನಕ್ಕೂ ಇಲ್ಲ. ಅಪರಿಚಿತ ಕಾರು ಬಂದರೆ ಸರ್ವೆಯವರು ಬಂದರೆಂದೇ ಅವರಿಗೆ ಅನುಮಾನ. 2022ರಲ್ಲೂ 2024ರಲ್ಲೂ ಪೊಲೀಸ್ ಕಾವಲಿನಲ್ಲಿ ರಸ್ತೆಯ ಕೆಲಸ ನಡೆದಾಗ ಮೈಯಡ್ಡ ನಿಂತ ಹೆಂಗಸರು ಅವರು. ಬಂದರು ಬಂದರೆ ಉದ್ಯೋಗ ಬರುತ್ತದೆ ಎನ್ನುತ್ತದೆ ಸರ್ಕಾರ. ಸರಕು ಸಾಗಿಸುವುದಕ್ಕೆ ಬಂದರು ಬೇಕೆನ್ನುವವರ ಮಾತಿನಲ್ಲೂ ಅರ್ಥವಿರಬಹುದು. ಆದರೆ ಮೀನು ಒಣಗಿಸಲು ಬಿಸಿಲು ಸಾಲದು, ಮರಳೂ ಬೇಕು. ಬೀಳುವ ಮರಳ ದಿಬ್ಬಕ್ಕೆ ಯಾರ ಹೆಸರಿನ ಪಹಣಿಯೂ ಇರುವುದಿಲ್ಲ. ಪಹಣಿ ಇಲ್ಲದ ಬದುಕಿಗೆ ಪರಿಹಾರದ ಲೆಕ್ಕ ಬರೆಯುವವರು ಯಾರು? ಕಡಲಾಮೆಗಳೂ ಇದೇ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಅವಕ್ಕೂ ಪಹಣಿಯಿಲ್ಲ.

ಅಮ್ಮಿಗೆ ಸುಸ್ತಾಗಿತ್ತು. ಒಂದು ಚಪ್ಪರದ ನೆರಳಿನಲ್ಲಿ ಕೂರಿಸಿದೆವು. ಅಲ್ಲಿ ಸೀಗಡಿ ಆರಿಸುತ್ತಿದ್ದ ಐವತ್ತರ ಹೆಂಗಸು ನೀರು ಕೊಟ್ಟಳು, ಚೊಂಬಿನಲ್ಲೇ. ಅಮ್ಮಿ ಚೀಲ ಬಿಚ್ಚಿ ಅಚ್ಚುಬೆಲ್ಲ ತೆಗೆದು ಅವಳ ಕೈಗಿಟ್ಟರು. ಆಕೆ ಅದನ್ನು ತಿರುಗಿಸಿ ನೋಡಿದಳು. ಮೂಸಿದಳು.

‘ನೀವು ಬೆಲ್ಲದ ಸಾಬ್ರ ಕಡೆಯವ್ರಾ?’ ಎಂದಳು.

ನಮಗೆ ಮಾತು ಹೊರಡಲಿಲ್ಲ. ಅವಳ ಅವ್ವಿ ಮೀನಿನ ವ್ಯಾಪಾರ ಮಾಡುತ್ತಿದ್ದ ಕಾಲಕ್ಕೆ ಮೇ ತಿಂಗಳಲ್ಲಿ ಮೈಸೂರು ಕಡೆಯ ಸಾಬರೊಬ್ಬರು ಬೆಲ್ಲ ತರುತ್ತಿದ್ದರಂತೆ. ಮಕ್ಕಳೆಲ್ಲ ಕಾಯುತ್ತಿದ್ದರಂತೆ. ಒಂದು ವರ್ಷ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ‘ದುಡ್ಡು ನುಂಗಿದ ಅಂತ ಅಪ್ಪ ಬಯ್ದಾಗ ಅವ್ವಿ ಒಪ್ಪಲಿಲ್ಲ. ಬರದಿದ್ರೆ ಸತ್ತಿರ್ಬೇಕು, ಮೋಸ ಮಾಡೋ ಮನ್ಶ ಅಲ್ಲ ಅಂದಿದ್ಳು’ ಎಂದಳು. ಆ ಅವ್ವಿ ಹೋಗಿ ಹದಿನಾಲ್ಕು ವರ್ಷವಾಗಿತ್ತು.

ಅಮ್ಮಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತರು. ನಮ್ಮ ತಂದೆಯನ್ನು ಇಷ್ಟು ದೂರದಲ್ಲಿ ಒಬ್ಬರು ನಂಬಿದ್ದರು, ಹತ್ತಿರದಲ್ಲಿದ್ದ ನಾವು ನಾಚಿಕೊಂಡಿದ್ದೆವು.

ನಮ್ಮಲ್ಲಿ ಬಡ್ಡಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಆದರೆ ಅಂದಿನ 1,840 ರೂಪಾಯಿ ಇಂದು ಮೂರು ಮೂಟೆ ಮೀನಿಗೆ ಸಮವಲ್ಲ. ಅಮ್ಮಿ ದಾರಿಯಲ್ಲೇ ಲೆಕ್ಕ ಹಾಕಿದ್ದರು: ಹಣದ ಸಾಲವೆಂದು ತಿಳಿಯಬೇಡ, ಮೀನಿನ ಸಾಲವೆಂದು ತಿಳಿ, ಇವತ್ತಿನ ದರಕ್ಕೆ ಕೊಡು. ಅದರಂತೆ ಕವರಿನಲ್ಲಿ ಮೂವತ್ತು ಸಾವಿರ ತಂದಿದ್ದೆವು. ಆಕೆ ಎಣಿಸಿ, 1,840 ಇಟ್ಟುಕೊಂಡು ಉಳಿದದ್ದನ್ನು ಹಿಂದಕ್ಕೆ ಕೊಟ್ಟಳು. ‘ಅವ್ವಿ ಹೇಳಿದ ರೇಟು ಅದು. ಅವಳ ರೇಟು ನಾನು ಏರ್ಸೂಕಾಗ್ತದಾ?’ ಎಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಹಾಗಾದರೆ ಉಳಿದದ್ದನ್ನು ಬಿಟ್ಟೆ ಎಂದು ಬಾಯಿಬಿಟ್ಟು ಹೇಳು ತಾಯಿ ಎಂದು ಅಮ್ಮಿ ಕೈ ಹಿಡಿದರು. ಆಕೆ ಸಮುದ್ರದ ಕಡೆ ಒಮ್ಮೆ ನೋಡಿ, ‘ಬಿಟ್ಟೆ’ ಎಂದಳು. ಆಕೆಯ ಜಾತಿ ಯಾವುದೆಂದು ನಾವು ಕೇಳಲಿಲ್ಲ. ಅಬ್ಬಾನ ಪುಸ್ತಕದಲ್ಲೂ ಅದಿರಲಿಲ್ಲ.

ಹೊರಡುವಾಗ ಎರಡು ಕಿಲೋ ಸೀಗಡಿಯನ್ನು ಗೋಣಿಯಲ್ಲಿ ಕಟ್ಟಿ ಕಾರಿನಲ್ಲಿಟ್ಟಳು. ದುಡ್ಡು ಕೊಡಹೋದರೆ ಕೈ ಹಿಂದೆ ಮಾಡಿಕೊಂಡಳು. ‘ಬರ್ಕಳಿ, ಮುಂದಿನ ಸಲ ಬಂದಾಗ ಕೊಡಿ’ ಎಂದಳು.

ಕಾರವಾರದವರೆಗೆ ಹೋಗಬೇಕೆಂದಿದ್ದೆವು. ಹೋಗಲಿಲ್ಲ, ಅಲ್ಲಿಂದಲೇ ಹಿಂದಿರುಗಿದೆವು. ಚಿನಕುರಳಿಗೆ ಬಂದ ರಾತ್ರಿ ಅಮ್ಮಿ ಪುಸ್ತಕ ತೆಗೆದು ಹನ್ನೊಂದನೆಯ ಸಾಲಿಗೆ ತಾವೇ ಗೀಟು ಎಳೆದರು. ಅದರ ಕೆಳಗೆ ಹೊಸ ಸಾಲು ಬರೆಯಲು ನಮಗೆ ಹೇಳಿದರು. ಅಬ್ಬಾನ ಉರ್ದುವಿನ ಕೆಳಗೆ ನಾವು ಕನ್ನಡದಲ್ಲಿ ಬರೆದೆವು: ‘ಟೊಂಕದ ಅಕ್ಕ, ಸೀಗಡಿ ಎರಡು ಕಿಲೋ, ಬಾಕಿ.’

ಮರುದಿನ ಪಕ್ಕದ ಗೌಡರ ಮನೆಗೂ ಒಂದು ಪಾವು ಹೋಯಿತು. ಬದನೆಕಾಯಿ ಹಾಕಿ ಸಾರು ಮಾಡಿದ್ದರು, ಘಮ ಬೀದಿಗೆಲ್ಲ ಹರಡಿತ್ತು. ಈ ಸಲದ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಬೆಲ್ಲ ತೆಗೆದುಕೊಂಡು ಮತ್ತೆ ಹೋಗಬೇಕು. ಸಾಲ ತೀರಿಸಲು ಹೋದಾಗ ಆ ಮರಳ ಅಂಗಳ ಅಲ್ಲೇ ಇರಬೇಕು.